ದೇಶ ಬದಲಿಸಿದ ಜೂಡೋ ಆಟಗಾರನನ್ನು ಮಕ್ಕಳಿಗೆ ಮಾದರಿ ಅಂತ ಹೇಳಬಹುದಾ?

ಸಂಡೂರು ಮೇಷ್ಟ್ರು
ಎಲ್ಲರಿಗೂ ನಮಸ್ಕಾರ. ನಾನು ಸಂಡೂರು ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕ. ಜೂಡೋ ತರಬೇತಿ ಕೇಂದ್ರ ಇರುವ ತೋರಣಗಲ್ಲು ಪಕ್ಕದಲ್ಲೇ ಇರುವುದರಿಂದ ನಮ್ಮ ಮಕ್ಕಳಿಗೆ ಜೂಡೋ ಹೊಸದಲ್ಲ. ನಾಲ್ಕು ಹಳೇ ಮ್ಯಾಟ್ ಹಾಸಿಕೊಂಡು ಸಂಜೆ ಹದಿನೈದು ಮಕ್ಕಳಿಗೆ ಬೀಳುವುದು, ಹಿಡಿಯುವುದು ಹೇಳಿಕೊಡುತ್ತೇನೆ.

ಮೊನ್ನೆ ಶಾಲೆಯಲ್ಲಿ 'ನನ್ನ ಮೆಚ್ಚಿನ ಆಟಗಾರ' ಅಂತ ಭಾಷಣ ಇತ್ತು. ಎಲ್ಲರೂ ಕ್ರಿಕೆಟ್‌ನವರ ಹೆಸರು ಹೇಳಿದರು. ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗಿ ಮಾತ್ರ ಸಯೀದ್ ಮೊಲ್ಲಾಯಿ ಬಗ್ಗೆ ಮಾತಾಡಿದಳು. ಇರಾನ್‌ನವನು. 2018ರಲ್ಲಿ ಬಾಕುವಿನಲ್ಲಿ 81 ಕೆಜಿ ವಿಭಾಗದ ವಿಶ್ವ ಚಾಂಪಿಯನ್ ಆದವನು. ಮರುವರ್ಷ ಟೋಕಿಯೊ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಇಸ್ರೇಲ್ ಆಟಗಾರನ ಎದುರು ನಿಲ್ಲಬಾರದು ಅಂತ ಅವನ ದೇಶದವರೇ ತಡೆದರು. ಅಲ್ಲಿಂದ ಊರಿಗೆ ಹೋಗದೆ ಜರ್ಮನಿಗೆ ಹೋದ. ಆಮೇಲೆ ಮಂಗೋಲಿಯಾದ ಪೌರನಾಗಿ 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದ.

ಭಾಷಣ ಮುಗಿದಿದ್ದೇ ತಡ, ಪೋಷಕರೊಬ್ಬರು ಎದ್ದು ನಿಂತರು. "ಮೇಷ್ಟ್ರೇ, ಹೆತ್ತ ದೇಶ ಬಿಟ್ಟು ಹೋದವನನ್ನು ನಮ್ಮ ಮಕ್ಕಳಿಗೆ ಮಾದರಿ ಅಂತ ತೋರಿಸ್ತೀರಾ?" ಅಂದರು. ಹುಡುಗಿಯ ಮುಖ ಬಾಡಿತು. ನನಗೆ ಆಗ ಸರಿಯಾದ ಉತ್ತರ ಹೊಳೆಯಲಿಲ್ಲ. ಆ ತಂದೆ ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ, ನಿಜವಾಗಿ ಕೇಳಿದರು. ನೀವಾದರೆ ಏನು ಹೇಳುತ್ತಿದ್ದಿರಿ?

ಬಿಸಿಲೂರು
ಆ ತಂದೆ ಕೇಳಿದ್ದರಲ್ಲಿ ತಪ್ಪೇನಿದೆ? ದೇಶ ಬಿಟ್ಟ ಮೇಲೆ ಬಿಟ್ಟ ಹಾಗೇ.

ಗರಡಿಮನೆ
@ಬಿಸಿಲೂರು, ಅಷ್ಟು ಬೇಗ ತೀರ್ಪು ಬೇಡ. ನಾನು ಕುಸ್ತಿ ಆಡಿ ಬೆಳೆದವನು. ಈಗ ವಯಸ್ಸು ಅರವತ್ತು ದಾಟಿದೆ. ಸಿರುಗುಪ್ಪ ಕಡೆ ಒಂದು ಜಾತ್ರೆಯಲ್ಲಿ ಬೆಳ್ಳಿ ಕಡಗದ ಕುಸ್ತಿ ಇತ್ತು. ಹಿಂದಿನ ರಾತ್ರಿ ಊರಿನ ಹಿರಿಯರೊಬ್ಬರು ಕರೆಸಿದರು. "ನಾಳೆ ನೀನು ಬೀಳಬೇಕು. ನಿಮ್ಮಪ್ಪ ನಮ್ಮ ಹೊಲ ಕೋರಿಗೆ ಮಾಡ್ತಾನೆ, ನೆನಪಿರಲಿ" ಅಂದರು. ನನಗೆ ಆಗ ಹತ್ತೊಂಬತ್ತು. ಬಿದ್ದೆ.

ನಲವತ್ತು ವರ್ಷ ಆಯಿತು. ಎಷ್ಟೋ ಕುಸ್ತಿ ನಿಜವಾಗಿ ಸೋತಿದ್ದೇನೆ, ಒಂದೂ ನೆನಪಿಲ್ಲ. ಆ ಬಿದ್ದದ್ದು ಮಾತ್ರ ಇವತ್ತಿಗೂ ಬೆನ್ನಿಗೆ ಹತ್ತಿದ ಹಾಗಿದೆ. ಎದುರಾಳಿ ಹುಡುಗನಿಗೂ ಗೊತ್ತಿತ್ತು. ಕಡಗ ಹಾಕಿಕೊಳ್ಳುವಾಗ ಅವನು ನನ್ನ ಮುಖ ನೋಡಲಿಲ್ಲ. ಆದ್ದರಿಂದ ಮೊಲ್ಲಾಯಿ ದೇಶ ಬಿಟ್ಟದ್ದನ್ನು ಆಮೇಲೆ ಮಾತಾಡೋಣ. ಮೊದಲು ಅವನಿಗೆ ಸೋಲು ಅಂತ ಹೇಳಿದವರ ಬಗ್ಗೆ ಮಾತಾಡೋಣ.

ತುಂಗಭದ್ರೆ ದಂಡೆ
ಮೇಷ್ಟ್ರೇ, ಒಂದು ವಿಷಯ ಸ್ಪಷ್ಟ ಮಾಡುತ್ತೇನೆ. ಅವನು ಆಡದೇ ಹಿಂದೆ ಸರಿಯಲಿಲ್ಲ, ಕಣಕ್ಕೆ ಇಳಿದ. ಅಂತರರಾಷ್ಟ್ರೀಯ ಜೂಡೋ ಫೆಡರೇಷನ್ ಆಗ ಎಲ್ಲವನ್ನೂ ಬಹಿರಂಗವಾಗಿ ಹೇಳಿತ್ತು. ರಿಯೊ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದಿದ್ದ ರಷ್ಯಾದ ಖಸಾನ್ ಖಲ್ಮುರ್ಜಾಯೆವ್ ಜೊತೆ ಆಡುವ ಮೊದಲೇ ಇರಾನ್‌ನಿಂದ ಕೋಚ್‌ಗೆ ಫೋನ್ ಬಂತು, ಮುಂದೆ ಇಸ್ರೇಲ್ ಆಟಗಾರ ಎದುರಾಗಬಹುದು, ವಾಪಸ್ ಕರೆಸಿ ಅಂತ. ಮೊಲ್ಲಾಯಿ ಆಡಿ ಅವನನ್ನು ಸೋಲಿಸಿದ. ಸೆಮಿಫೈನಲ್‌ಗೆ ಮುಂಚೆ ಮತ್ತೆ ಫೋನ್. ಈ ಸಲ ಮನೆಯವರ ವಿಷಯ ಎತ್ತಿದರು, ಮನೆಗೆ ಭದ್ರತಾ ಸಿಬ್ಬಂದಿ ಬಂದಿದ್ದಾರೆ ಅಂತ. ಆ ಭಾರ ಹೊತ್ತುಕೊಂಡು ಬೆಲ್ಜಿಯಂನ ಮಥಿಯಾಸ್ ಕಾಸ್ ಎದುರು ನಿಂತ, ಸೋತ. ಕಂಚಿನ ಪಂದ್ಯವನ್ನೂ ಸೋತು ಐದನೆಯವನಾದ. ಫೈನಲ್‌ನಲ್ಲಿ ಕಾಸ್‌ನನ್ನು ಸೋಲಿಸಿ ಚಿನ್ನ ಗೆದ್ದದ್ದು ಇಸ್ರೇಲ್‌ನ ಸಾಗಿ ಮುಕಿ.

ಗರಡಿಮನೆಯವರ ಕಥೆ ಓದಿ ಎದೆ ಭಾರ ಆಯಿತು. ಅಲ್ಲಿ ಹೊಲ, ಇಲ್ಲಿ ತಂದೆ ತಾಯಿ. ಲೆಕ್ಕ ಒಂದೇ.

ಬಿಸಿಲೂರು
ಫೋನ್ ವಿಷಯ ನನಗೆ ಗೊತ್ತಿರಲಿಲ್ಲ. ಆದರೂ ಕೇಳುತ್ತೇನೆ: ಆಟ ಬಿಡಬಹುದಿತ್ತಲ್ಲ? ಬೇರೆ ದೇಶದ ಬಾವುಟ ಎದೆಗೆ ಹಾಕಿಕೊಳ್ಳಲೇಬೇಕಿತ್ತಾ?

ಕಾರಟಗಿ ಭತ್ತ
ಆಟ ಬಿಡು ಅನ್ನುವುದು ಸುಲಭ. ಭತ್ತದವನಿಗೆ ಭತ್ತ ಬಿಡು ಅಂದ ಹಾಗೆ. ಇಪ್ಪತ್ತೇಳು ವರ್ಷದವನು, ಅದೊಂದೇ ಕಲಿತವನು, ಬೇರೆ ಏನು ಮಾಡಬೇಕಿತ್ತು?

ಆದರೆ ನನ್ನ ಪ್ರಶ್ನೆ ಬೇರೆ. ಎಲ್ಲ ಬಿಟ್ಟು ಮಂಗೋಲಿಯಾ ಯಾಕೆ?

ತುಂಗಭದ್ರೆ ದಂಡೆ
ಮಂಗೋಲಿಯಾದಲ್ಲಿ ಜೂಡೋ ಅಂದರೆ ನಮ್ಮಲ್ಲಿ ಕ್ರಿಕೆಟ್ ಇದ್ದ ಹಾಗೆ. ಆ ದೇಶದ ಮೊದಲ ಒಲಿಂಪಿಕ್ ಚಿನ್ನವೇ ಜೂಡೋದಲ್ಲಿ ಬಂದದ್ದು, 2008ರ ಬೀಜಿಂಗ್‌ನಲ್ಲಿ, ತುವ್ಶಿನ್‌ಬಾಯರ್ ಗೆದ್ದದ್ದು. ಮೊಲ್ಲಾಯಿ ಹೋದಾಗ ದೇಶದ ಅಧ್ಯಕ್ಷರಾಗಿದ್ದ ಬಟ್ಟುಲ್ಗ ಸ್ವತಃ ಕುಸ್ತಿಪಟು, ಅಲ್ಲಿನ ಜೂಡೋ ಸಂಸ್ಥೆಯ ಮುಖ್ಯಸ್ಥರೂ ಹೌದು. 2019ರ ಡಿಸೆಂಬರ್‌ನಲ್ಲಿ ಮೊಲ್ಲಾಯಿಗೆ ಪೌರತ್ವ ಸಿಕ್ಕಿತು.

ಹಟ್ಟಿ ಚಿನ್ನ
ಎಲ್ಲರೂ ಒಂದೇ ಕಡೆ ವಾಲುತ್ತಿದ್ದೀರಿ. ನಾನೊಂದು ಕಷ್ಟದ ಪ್ರಶ್ನೆ ಕೇಳುತ್ತೇನೆ. 2022ರಲ್ಲಿ ಅವನು ಮಂಗೋಲಿಯಾವನ್ನೂ ಬಿಟ್ಟು ಅಜರ್‌ಬೈಜಾನ್ ಸೇರಿದ. ಮೊದಲ ಸಲ ಜೀವ ಉಳಿಸಿಕೊಳ್ಳಲು ಅನ್ನೋಣ. ಎರಡನೇ ಸಲ ಯಾರು ಬೆದರಿಸಿದ್ದರು? ನೀರಿಗೆ ಬಿದ್ದಾಗ ಕೈಹಿಡಿದು ಎತ್ತಿದ ದೇಶ ಅದು. ನನಗೆ ಅಲ್ಲಿ ಮನಸ್ಸು ಒಪ್ಪುವುದಿಲ್ಲ.

ಗರಡಿಮನೆ
ಇದು ನ್ಯಾಯವಾದ ಪ್ರಶ್ನೆ. ನನಗೂ ಅಲ್ಲಿ ಸ್ವಲ್ಪ ಮುಳ್ಳು ಚುಚ್ಚುತ್ತದೆ.

ಮಸ್ಕಿ ಬೆಟ್ಟ
ನನಗೆ ಚುಚ್ಚುವುದಿಲ್ಲ. ಮಂಗೋಲಿಯಾಕ್ಕೆ ಅವನು ಒಲಿಂಪಿಕ್ ಬೆಳ್ಳಿ ತಂದುಕೊಟ್ಟ. ಅದಕ್ಕಿಂತ ದೊಡ್ಡ ಋಣ ತೀರಿಸುವುದು ಯಾವುದು? ಒಂದು ಸಲ ಬೇರು ಕಿತ್ತ ಗಿಡ ಎಲ್ಲಿ ಹಿಡಿಯುತ್ತದೋ ಅಲ್ಲಿ ಹಿಡಿಯಬೇಕು.

ಹಟ್ಟಿ ಚಿನ್ನ
ಗಿಡಕ್ಕೆ ಮಾತು ಬರುವುದಿಲ್ಲ, ಮನುಷ್ಯನಿಗೆ ಬರುತ್ತದೆ. ಒಪ್ಪಲಾರೆ.

ರಾಯಚೂರು ಕೋಟೆ
ಇವರಿಬ್ಬರ ಜಗಳದ ಮಧ್ಯೆ ಒಂದು ಹಳೇ ವಿಷಯ. ಇರಾನ್‌ನಲ್ಲಿ ಇದು ಮೊದಲಲ್ಲ. 2004ರ ಅಥೆನ್ಸ್‌ನಲ್ಲಿ ಆರಾಶ್ ಮಿರೆಸ್ಮಾಯಿಲಿ ಅನ್ನುವವನಿದ್ದ. ಎರಡು ಸಲ ವಿಶ್ವ ಚಾಂಪಿಯನ್, ಉದ್ಘಾಟನೆಯಲ್ಲಿ ದೇಶದ ಬಾವುಟ ಹಿಡಿದವನು. ಮೊದಲ ಪಂದ್ಯ ಇಸ್ರೇಲ್‌ನ ಎಹುದ್ ವಾಕ್ಸ್ ಜೊತೆ ಬಂತು. ತೂಕ ನೋಡುವಾಗ ಮಿತಿಗಿಂತ ಜಾಸ್ತಿ ಬಂದ, ಅನರ್ಹನಾದ. ಸರ್ಕಾರ ಅವನಿಗೆ ಚಿನ್ನ ಗೆದ್ದವರಿಗೆ ಕೊಡುವ ಬಹುಮಾನವನ್ನೇ ಕೊಟ್ಟಿತು. 2019ರಲ್ಲಿ ಮೊಲ್ಲಾಯಿಗೆ ಈ ಗತಿ ಬಂದಾಗ ಇರಾನ್ ಜೂಡೋ ಫೆಡರೇಷನ್ ಅಧ್ಯಕ್ಷ ಯಾರು? ಅದೇ ಮಿರೆಸ್ಮಾಯಿಲಿ.

ಆಡದವನಿಗೆ ಬಹುಮಾನ, ಆಡುತ್ತೇನೆ ಅಂದವನಿಗೆ ಬೆದರಿಕೆ. ಆ ತಂದೆಗೆ ಇದನ್ನೇ ಹೇಳಿ ಮೇಷ್ಟ್ರೇ.

ಗಂಗಾವತಿ ತಾಯಿ
ಆಮೇಲೆ ಇರಾನ್‌ಗೆ ಶಿಕ್ಷೆ ಆಯಿತಾ?

ತುಂಗಭದ್ರೆ ದಂಡೆ
ಆಯಿತು. 2019ರ ಸೆಪ್ಟೆಂಬರ್‌ನಲ್ಲಿ ಅಂತರರಾಷ್ಟ್ರೀಯ ಫೆಡರೇಷನ್‌ನವರು ಅಮಾನತು ಮಾಡಿದರು, ಆಮೇಲೆ ಅನಿರ್ದಿಷ್ಟ ಕಾಲದ ನಿಷೇಧ. ಇರಾನ್ ಕ್ರೀಡಾ ನ್ಯಾಯಮಂಡಳಿಗೆ ಹೋಯಿತು. ಶಿಕ್ಷೆ ಕೊಡಲು ಕಾರಣ ಇದೆ, ಆದರೆ ಕೊನೆಯೇ ಇಲ್ಲದ ನಿಷೇಧಕ್ಕೆ ನಿಯಮದ ಆಧಾರ ಇಲ್ಲ ಅಂತ 2021ರ ಮಾರ್ಚ್‌ನಲ್ಲಿ ತೀರ್ಪು ಬಂತು. ಏಪ್ರಿಲ್‌ನಲ್ಲಿ ನಾಲ್ಕು ವರ್ಷದ ನಿಷೇಧ ಹಾಕಿದರು, 2023ರ ಸೆಪ್ಟೆಂಬರ್‌ವರೆಗೆ. ಇದರಲ್ಲಿ ನನಗೆ ನೋವಾಗುವುದು ಅಲ್ಲಿನ ಉಳಿದ ಹುಡುಗರ ಬಗ್ಗೆ. ಅವರೇನು ತಪ್ಪು ಮಾಡಿದ್ದರು?

ಕೊಪ್ಪಳ ಜಾತ್ರೆ
ಬರೀ ಮೊಲ್ಲಾಯಿ ಒಬ್ಬನೇ ಅಲ್ಲ, ಜೂಡೋದಲ್ಲಿ ದೇಶ ಬದಲಿಸಿದವರು ಬಹಳ ಜನ. ಗ್ರೀಸ್‌ನ ಇಲಿಯಾಸ್ ಇಲಿಯಾದಿಸ್ ಹುಟ್ಟಿದ್ದು ಜಾರ್ಜಿಯಾದಲ್ಲಿ, ಹುಟ್ಟು ಹೆಸರೇ ಬೇರೆ. ಅಥೆನ್ಸ್‌ನಲ್ಲಿ 17ನೇ ವಯಸ್ಸಿಗೆ ಗ್ರೀಸ್‌ಗೆ ಚಿನ್ನ ತಂದ. ಅದೇ ಒಲಿಂಪಿಕ್ಸ್‌ನಲ್ಲಿ ಅವನ ದಾಯಾದಿ ಜುರಾಬ್ ಜ್ವಿಯದೌರಿ ಜಾರ್ಜಿಯಾಕ್ಕೆ ಚಿನ್ನ ತಂದ. ಒಂದೇ ಮನೆತನ, ಎರಡು ಬಾವುಟ, ಎರಡು ಚಿನ್ನ. ಯಾರು ದ್ರೋಹಿ ಅಂತೀರಿ?

ಸೆರ್ಜಿಯು ತೋಮಾ ಮೊದಲು ಮಾಲ್ಡೋವಾ ಪರ ಆಡುತ್ತಿದ್ದ, ಆಮೇಲೆ ಯುಎಇ ಪರ ಆಡಿ ರಿಯೊದಲ್ಲಿ ಕಂಚು ಗೆದ್ದ. ಇಂಥದ್ದು ಮೊಲ್ಲಾಯಿ ಕಥೆಗಿಂತ ಬೇರೆ. ಅಲ್ಲಿ ಪ್ರಾಣಭಯ ಇರಲಿಲ್ಲ. ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಗಂಗಾವತಿ ತಾಯಿ
ನನ್ನ ಮಗಳು ಜೂಡೋ ಆಡುತ್ತಾಳೆ. ಅದಕ್ಕೇ ಈ ಚರ್ಚೆ ಓದುತ್ತಾ ಕೂತಿದ್ದೇನೆ. ಒಲಿಂಪಿಕ್ಸ್‌ನಲ್ಲಿ ಒಂದು ತೂಕಕ್ಕೆ ಒಂದು ದೇಶದಿಂದ ಒಬ್ಬರೇ. ಇದು ಹೊರಗಿನವರಿಗೆ ಅರ್ಥ ಆಗುವುದಿಲ್ಲ. ಜಗತ್ತಿನ ಎರಡನೇ ಸ್ಥಾನದಲ್ಲಿದ್ದರೂ ಮೊದಲನೆಯವಳು ನಿನ್ನ ದೇಶದವಳೇ ಆದರೆ ನೀನು ಮನೆಯಲ್ಲಿ ಟಿವಿ ನೋಡಬೇಕು.

ಕ್ರಿಸ್ಟಾ ದೆಗುಚಿ ನನ್ನ ಮಗಳ ಅಚ್ಚುಮೆಚ್ಚು. ಜಪಾನಿನ ನಗಾನೊದಲ್ಲಿ ಹುಟ್ಟಿದವಳು, ತಂದೆ ಕೆನಡಾದವರು. ಜಪಾನ್ ತಂಡದಲ್ಲಿ ದಾರಿ ಕಾಣಲಿಲ್ಲ, 2017ರಲ್ಲಿ ಕೆನಡಾಕ್ಕೆ ಬಂದಳು. 2019ರಲ್ಲಿ ವಿಶ್ವ ಚಾಂಪಿಯನ್ ಆದಳು. ಅಷ್ಟಾದರೂ ಟೋಕಿಯೊ ಒಲಿಂಪಿಕ್ಸ್‌ಗೆ ಹೋಗಲಿಲ್ಲ! ಯಾಕೆಂದರೆ ಕೆನಡಾದಲ್ಲಿ ಅದೇ 57 ಕೆಜಿಯಲ್ಲಿ ಜೆಸ್ಸಿಕಾ ಕ್ಲಿಮ್‌ಕೈಟ್ ಇದ್ದಳು. ಅವಳು 2021ರ ವಿಶ್ವ ಚಾಂಪಿಯನ್ ಆಗಿ ಟಿಕೆಟ್ ಪಡೆದಳು. ದೇಶ ಬದಲಿಸಿದರೆ ದಾರಿ ಸಲೀಸು ಅಂದುಕೊಂಡವರು ಇದನ್ನು ಯೋಚಿಸಬೇಕು. ದೆಗುಚಿ ಇನ್ನೂ ಮೂರು ವರ್ಷ ಕಾದಳು. ಪ್ಯಾರಿಸ್‌ನಲ್ಲಿ ಚಿನ್ನ. ಕೆನಡಾಕ್ಕೆ ಜೂಡೋದಲ್ಲಿ ಮೊದಲ ಚಿನ್ನ.

ಕೊಪ್ಪಳ ಜಾತ್ರೆ
ಅಕ್ಕಾ, ಆ ಫೈನಲ್‌ನಲ್ಲಿ ಎದುರಿಗೆ ಇದ್ದವಳು ಯಾರು ಅಂತಲೂ ಹೇಳಿ. ದಕ್ಷಿಣ ಕೊರಿಯಾದ ಹುಹ್ ಮಿಮಿ. ಅವಳೂ ಜಪಾನಿನಲ್ಲೇ ಹುಟ್ಟಿ ಬೆಳೆದವಳು. ಅಜ್ಜಿಯ ಆಸೆ ಅಂತ ಕೊರಿಯಾಕ್ಕೆ ಹೋದವಳು. ಅವಳ ಮನೆತನದ ಹಿರಿಯರೊಬ್ಬರು ಜಪಾನ್ ಆಳ್ವಿಕೆಯ ವಿರುದ್ಧ ಹೋರಾಡಿದವರು. ಜಪಾನಿನಲ್ಲಿ ಹುಟ್ಟಿದ ಇಬ್ಬರು, ಜಪಾನಿನ ಆಟ, ಪ್ಯಾರಿಸ್‌ನ ಫೈನಲ್, ಜಪಾನ್ ಬಾವುಟ ಮಾತ್ರ ಇಲ್ಲ.

ಗಂಗಾವತಿ ತಾಯಿ
ಹೌದು! ಗೋಲ್ಡನ್ ಸ್ಕೋರ್‌ನಲ್ಲಿ ಹುಹ್‌ಗೆ ಮೂರನೇ ಶಿಡೊ ಕೊಟ್ಟು ಮುಗಿಸಿಬಿಟ್ಟರು. ಮಗಳು ಅವತ್ತು ಊಟ ಬಿಟ್ಟು ಕೂತಿದ್ದಳು. ದೆಗುಚಿ ಗೆದ್ದದ್ದು ಖುಷಿ, ಆದರೆ ಹಾಗೆ ಗೆದ್ದದ್ದು ಬೇಜಾರು ಅಂದಳು.

ಮಸ್ಕಿ ಬೆಟ್ಟ
ಶಿಡೊ ಅಂದರೆ ಏನು? ಗೊತ್ತಿಲ್ಲದವರೂ ಓದುತ್ತಿದ್ದೇವೆ.

ಸಂಡೂರು ಮೇಷ್ಟ್ರು
ದಂಡ. ಆಡದೆ ತಪ್ಪಿಸಿಕೊಳ್ಳುತ್ತಿದ್ದರೆ, ಸುಳ್ಳು ದಾಳಿ ಮಾಡಿದರೆ ಕೊಡುತ್ತಾರೆ. ಮೂರು ಆದರೆ ಪಂದ್ಯ ಹೋಯಿತು. ನಾಲ್ಕು ನಿಮಿಷದ ಆಟ. ಬೆನ್ನು ನೆಲಕ್ಕೆ ಹತ್ತುವ ಹಾಗೆ ಜೋರಾಗಿ ಎಸೆದರೆ ಇಪ್ಪೊನ್, ಅಲ್ಲಿಗೇ ಗೆಲುವು. ಸಮ ಆದರೆ ಗೋಲ್ಡನ್ ಸ್ಕೋರ್, ಮೊದಲು ಅಂಕ ಪಡೆದವರು ಗೆದ್ದರು.

ಗರಡಿಮನೆ
ಬೆನ್ನು ಹತ್ತಿದರೆ ಚಿತ್. ನಮ್ಮದೇ ಲೆಕ್ಕ!

ದೋಣಿಮಲೈ
ನಮ್ಮ ಅಜ್ಜನ ವಿಷಯ ಹೇಳಲಾ? ಸಂಡೂರಿನಲ್ಲೇ ಹುಟ್ಟಿದರು, ಅಲ್ಲೇ ತೀರಿಕೊಂಡರು. ಹುಟ್ಟಿದಾಗ ಸಂಡೂರು ಘೋರ್ಪಡೆ ರಾಜರ ಸಂಸ್ಥಾನ. 1949ರಲ್ಲಿ ಮದರಾಸು ಪ್ರಾಂತ್ಯಕ್ಕೆ ಸೇರಿತು. 1953ರ ಅಕ್ಟೋಬರ್ 1ಕ್ಕೆ ಬಳ್ಳಾರಿ ಜೊತೆ ಮೈಸೂರಿಗೆ ಬಂತು. 1973ರಲ್ಲಿ ಕರ್ನಾಟಕ ಅಂತ ಹೆಸರಾಯಿತು. ಅಜ್ಜಿಯ ತವರು ಆದೋನಿ, ಅದು ಆಂಧ್ರಕ್ಕೆ ಹೋಯಿತು. ಅಜ್ಜ ಒಂದು ಹೆಜ್ಜೆ ಕದಲದೆ ಮೂರು ಸರ್ಕಾರ ನೋಡಿದರು. ಗೆರೆ ಎಳೆಯುವವರು ಎಳೆಯುತ್ತಾರೆ, ಬದುಕುವವರು ಬದುಕುತ್ತಾರೆ.

ಬಿಸಿಲೂರು
ಅದು ಬೇರೆ, ಇದು ಬೇರೆ. ನಿಮ್ಮ ಅಜ್ಜ ಗೆರೆ ದಾಟಲಿಲ್ಲ, ಗೆರೆಯೇ ಅವರನ್ನು ದಾಟಿತು. ಮೊಲ್ಲಾಯಿ ತಾನೇ ದಾಟಿದ. ರಾಜ್ಯವನ್ನೂ ದೇಶವನ್ನೂ ಕಲೆಸಬೇಡಿ.

ದೋಣಿಮಲೈ
ಸರಿ, ಅದು ಒಪ್ಪಿದೆ. ಆದರೆ ಗೆರೆ ದಾಟಿದ ಕಥೆಯೂ ಜೂಡೋದಲ್ಲಿ ಇದೆ. ಕೊಸೊವೊದ ಮಾಯ್ಲಿಂಡಾ ಕೆಲ್ಮೆಂಡಿ 2012ರ ಲಂಡನ್‌ನಲ್ಲಿ ಅಲ್ಬೇನಿಯಾ ಪರ ಆಡಬೇಕಾಯಿತು, ಯಾಕೆಂದರೆ ಅವಳ ದೇಶಕ್ಕೆ ಒಲಿಂಪಿಕ್ ಸಮಿತಿಯ ಮಾನ್ಯತೆ ಇರಲಿಲ್ಲ. 2014ರಲ್ಲಿ ಸಿಕ್ಕಿತು. ರಿಯೊದಲ್ಲಿ ತನ್ನದೇ ಬಾವುಟ ಹಿಡಿದು ಬಂದಳು, ಚಿನ್ನ ಗೆದ್ದಳು. ಕೊಸೊವೊದ ಮೊದಲ ಒಲಿಂಪಿಕ್ ಪದಕ ಅದು.

ಸಿಂಧನೂರು ಕ್ಯಾಂಪ್ ರಸ್ತೆ
ನಮ್ಮ ತಾಲ್ಲೂಕಿನಲ್ಲಿ ಆರ್‌ಎಚ್ ಕ್ಯಾಂಪ್‌ಗಳಿವೆ, ಅಂದರೆ ನಿರಾಶ್ರಿತರ ಪುನರ್ವಸತಿ ಕ್ಯಾಂಪ್‌ಗಳು. ಆಗಿನ ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಕುಟುಂಬಗಳು ಐವತ್ತು ವರ್ಷದಿಂದ ಅಲ್ಲಿವೆ. ನನ್ನ ಜೊತೆ ಓದಿದ ಗೆಳೆಯ ಮನೆಯಲ್ಲಿ ಬಂಗಾಳಿ, ಹೊರಗೆ ನಮ್ಮ ಹಾಗೇ ರಾಯಚೂರು ಕನ್ನಡ ಮಾತಾಡುತ್ತಾನೆ. ಕಬಡ್ಡಿಯಲ್ಲಿ ತಾಲ್ಲೂಕು ತಂಡದ ನಾಯಕ ಆಗಿದ್ದ. ಅವನನ್ನು ಯಾರೂ "ನೀನು ನಿನ್ನ ದೇಶ ಬಿಟ್ಟವನು" ಅಂದದ್ದು ನಾನು ಕೇಳಿಲ್ಲ. ಅವನ ಅಪ್ಪನಿಗೆ ಅಲ್ಲಿ ಬದುಕಲು ಬಿಡಲಿಲ್ಲ, ಬಂದರು. ಮೊಲ್ಲಾಯಿಗೆ ಅಲ್ಲಿ ಆಡಲು ಬಿಡಲಿಲ್ಲ, ಹೋದ. ನನಗೆ ಇಷ್ಟೇ ಕಾಣುವುದು.

ಬಿಸಿಲೂರು
ಈ ಮಾತು ನನಗೆ ತಾಗಿತು.

ರಾಯಚೂರು ಕೋಟೆ
ನಿರಾಶ್ರಿತರ ಮಾತು ಬಂತಲ್ಲ, ಭಾರತದ ನಂಟು ಇರುವ ಒಂದು ವಿಷಯ. ಪೊಪೊಲ್ ಮಿಸೆಂಗಾ ಕಾಂಗೊದವನು. 2013ರಲ್ಲಿ ವಿಶ್ವ ಚಾಂಪಿಯನ್‌ಷಿಪ್‌ಗೆ ರಿಯೊಗೆ ಬಂದ, ವಾಪಸ್ ಹೋಗಲಿಲ್ಲ. 2016ರಲ್ಲಿ ಅದೇ ಊರಿನ ಒಲಿಂಪಿಕ್ಸ್‌ನಲ್ಲಿ ನಿರಾಶ್ರಿತರ ತಂಡದ ಪರ ಆಡಿದ. ಮೊದಲ ಪಂದ್ಯದಲ್ಲಿ ಅವನು ಸೋಲಿಸಿದ್ದು ನಮ್ಮ ಅವತಾರ್ ಸಿಂಗ್‌ರನ್ನು. ಭಾರತ ಸೋತಿತು ಅಂತ ಬೇಜಾರಾಯಿತು. ಜನ ಎದ್ದು ನಿಂತು ಅವನಿಗೆ ಚಪ್ಪಾಳೆ ಹೊಡೆಯುವುದು ನೋಡಿ ನನ್ನ ಕಣ್ಣೂ ಒದ್ದೆಯಾಯಿತು.

ಕಾರಟಗಿ ಭತ್ತ
ನಮ್ಮಲ್ಲಿ ಹೊರಗಿನವರು ಬಂದು ಭಾರತದ ಪರ ಆಡಬಹುದಾ?

ತುಂಗಭದ್ರೆ ದಂಡೆ
ಭಾರತದ ಪಾಸ್‌ಪೋರ್ಟ್ ಇದ್ದರೆ ಮಾತ್ರ. ಎರಡು ದೇಶದ ಪೌರತ್ವ ನಮ್ಮ ಕಾನೂನಿನಲ್ಲಿ ಇಲ್ಲ, ಭಾರತ ಮೂಲದ ವಿದೇಶಿ ಪೌರರಿಗೆ ಕೊಡುವ ಒಸಿಐ ಕಾರ್ಡ್ ಸಾಲದು. ಜಪಾನಿನಲ್ಲಿ ಹುಟ್ಟಿದ ಅರಾತಾ ಇಜುಮಿ ಆ ಪೌರತ್ವ ಬಿಟ್ಟುಕೊಟ್ಟೇ ನಮ್ಮ ಫುಟ್‌ಬಾಲ್ ತಂಡದಲ್ಲಿ ಆಡಿದ್ದು. ಒಲಿಂಪಿಕ್ ನಿಯಮವೂ ಇದೆ: ಒಂದು ದೇಶಕ್ಕೆ ಆಡಿದವರು ಇನ್ನೊಂದಕ್ಕೆ ಆಡಲು ಮೂರು ವರ್ಷ ಕಾಯಬೇಕು. ಆ ಅವಧಿ ಕಡಿಮೆ ಮಾಡುವ ಅಧಿಕಾರ ಒಲಿಂಪಿಕ್ ಸಮಿತಿಗೆ ಇದೆ. ಮೊಲ್ಲಾಯಿ ಎರಡು ವರ್ಷ ತುಂಬುವ ಮೊದಲೇ ಒಲಿಂಪಿಕ್ಸ್ ಆಡಿದ.

ಗಂಗಾವತಿ ತಾಯಿ
ದೇಶ ಬಿಡಿ, ರಾಜ್ಯ ಬದಲಿಸುವುದೇ ಎಷ್ಟು ಕಷ್ಟ ಗೊತ್ತಾ? ನನ್ನ ತಮ್ಮನ ಮಗನಿಗೆ ಕೆಲಸದ ಮೇಲೆ ಬೇರೆ ರಾಜ್ಯಕ್ಕೆ ಹೋಗಬೇಕಾಯಿತು. ಇಲ್ಲಿನ ಸಂಘದಿಂದ ನಿರಾಕ್ಷೇಪಣಾ ಪತ್ರ ಬೇಕು ಅಂದರು. ಒಂದು ಸೀಸನ್ ಪೂರ್ತಿ ಓಡಾಡಿಸಿದರು. ಇವತ್ತು ಬಾ, ನಾಳೆ ಬಾ. ಹತ್ತೊಂಬತ್ತು ವರ್ಷದ ಹುಡುಗನ ಒಂದು ಸೀಸನ್ ಯಾರು ವಾಪಸ್ ಕೊಡುತ್ತಾರೆ? ಈಗ ಆಟವನ್ನೇ ಬಿಟ್ಟಿದ್ದಾನೆ. ಒಂದು ಕಾಗದಕ್ಕಾಗಿ.

ಹಟ್ಟಿ ಚಿನ್ನ
ಇದು ಬಹಳ ಕಡೆ ನಡೆಯುತ್ತದೆ ಅಕ್ಕಾ. ಆಟಗಾರ ತಮ್ಮ ಸ್ವತ್ತು ಅಂದುಕೊಳ್ಳುತ್ತಾರೆ. ನಾನು ಮೇಲೆ ಎರಡನೇ ಸಲ ಬದಲಿಸಿದ್ದರ ಬಗ್ಗೆ ಕೇಳಿದ್ದು ಇನ್ನೂ ಬಿಟ್ಟಿಲ್ಲ. ಆದರೆ ಹುಡುಗನ ಕಾಲು ಹಿಡಿದು ಎಳೆಯುವುದೂ ನನಗೆ ಆಗುವುದಿಲ್ಲ.

ಮಸ್ಕಿ ಬೆಟ್ಟ
ತೋರಣಗಲ್ಲು ಕಡೆ ಜೂಡೋ ಕಲಿಸುವವರು ವಿದೇಶದವರಂತೆ, ನಿಜವಾ?

ಸಂಡೂರು ಮೇಷ್ಟ್ರು
ಹೌದು. ವಿದ್ಯಾನಗರದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್‌ನಲ್ಲಿ ಜಾರ್ಜಿಯಾದ ಮಾಮುಕಾ ಕಿಜಿಲಾಶ್ವಿಲಿ ಕಲಿಸಿದರು. ಅಲ್ಲಿ ಬೆಳೆದ ಮಣಿಪುರದ ಲಿಂಥೋಯ್ ಚನಂಬಂ 2022ರಲ್ಲಿ ಸರಾಯೆವೊದಲ್ಲಿ ಕೆಡೆಟ್ (ಹದಿನೆಂಟರೊಳಗಿನವರ) ವಿಶ್ವ ಚಾಂಪಿಯನ್ ಆದಳು. ಜೂಡೋ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಯಾವ ವಯಸ್ಸಿನ ವಿಭಾಗದಲ್ಲೂ ಭಾರತಕ್ಕೆ ಅದಕ್ಕಿಂತ ಮುಂಚೆ ಪದಕ ಇರಲಿಲ್ಲ. ಮಣಿಪುರದ ಹುಡುಗಿ, ಜಾರ್ಜಿಯಾದ ಗುರು, ಬಳ್ಳಾರಿಯ ಬಿಸಿಲು. ಆ ಸುದ್ದಿ ಬಂದ ದಿನ ನಮ್ಮ ಮಕ್ಕಳು ಶಾಲೆಯಲ್ಲಿ ಕುಣಿದಾಡಿದ್ದರು.

ಕಾರಟಗಿ ಭತ್ತ
ಆ ಜಾರ್ಜಿಯಾದವರಿಗೆ ನಮ್ಮ ಮಂಡಕ್ಕಿ ಒಗ್ಗರಣೆ, ಮಿರ್ಚಿ ರುಚಿ ಹತ್ತಿತಾ ಅಂತ ಯಾರಾದರೂ ಕೇಳಿ ಹೇಳಿ.

ಬಿಸಿಲೂರು
ಮಿರ್ಚಿ ಆಮೇಲೆ. ಮೇಷ್ಟ್ರೇ, ಆ ಹುಡುಗಿ ಏನಂದಳು? ತಂದೆ ಮಾತಿಗೆ ಉತ್ತರ ಕೊಟ್ಟಳಾ? ಮೊದಲು ಬರೆದವನು ನಾನೇ, ಅದಕ್ಕೇ ಕೇಳುತ್ತಿದ್ದೇನೆ.

ಸಂಡೂರು ಮೇಷ್ಟ್ರು
ಅವತ್ತು ಏನೂ ಹೇಳಲಿಲ್ಲ. ನಿನ್ನೆ ಅಭ್ಯಾಸಕ್ಕೆ ಬಂದಾಗ ನಾನೇ ಕೇಳಿದೆ. "ಸರ್, ನೀವು ಯಾವತ್ತೂ ಬೇಕಂತ ಬೀಳಬೇಡ ಅಂತ ಹೇಳಿಕೊಟ್ಟಿದ್ದೀರಿ. ಅವನಿಗೂ ಯಾರೋ ಹಾಗೇ ಹೇಳಿಕೊಟ್ಟಿರಬೇಕು" ಅಂದಳು.

ಇವತ್ತು ಆ ತಂದೆಯನ್ನು ಬರಹೇಳಿ, ನಿಮ್ಮ ಮಾತುಗಳನ್ನೆಲ್ಲ ಓದಿ ಹೇಳಿದೆ. ಗರಡಿಮನೆಯವರ ಬೆಳ್ಳಿ ಕಡಗದ ಕಥೆ ಬಂದಾಗ ಅವರು ತಲೆ ತಗ್ಗಿಸಿ ಕೂತರು. ಆಮೇಲೆ ಟೋಕಿಯೊ ಒಲಿಂಪಿಕ್ಸ್ ಫೈನಲ್‌ನ ವಿಡಿಯೊ ಮೊಬೈಲ್‌ನಲ್ಲಿ ತೋರಿಸಿದೆ. ಜಪಾನಿನ ನಗಾಸೆ ಎದುರು ಮೊಲ್ಲಾಯಿ ಸೋತ ಪಂದ್ಯ. 2019ರಲ್ಲಿ ಎಲ್ಲಿ ಅವನನ್ನು ತಡೆದರೋ ಅದೇ ಬುಡೋಕಾನ್ ಸಭಾಂಗಣ. "ಆ ಇಸ್ರೇಲ್ ಹುಡುಗನ ಜೊತೆ ಇಲ್ಲಾದರೂ ಆಡಿದನಾ?" ಅಂತ ಕೇಳಿದರು. ಇಲ್ಲ, ಒಲಿಂಪಿಕ್ಸ್‌ನಲ್ಲಿ ಎದುರಾಗಲಿಲ್ಲ, ಮುಕಿ ಮೊದಲೇ ಸೋತಿದ್ದ ಅಂದೆ. ಆದರೆ ಅದೇ ವರ್ಷದ ಫೆಬ್ರವರಿಯಲ್ಲಿ ಮೊಲ್ಲಾಯಿ ಟೆಲ್ ಅವೀವ್‌ಗೇ ಹೋಗಿ ಆಡಿ ಬೆಳ್ಳಿ ಗೆದ್ದ, ಇಬ್ಬರೂ ಗೆಳೆಯರಾದರು ಅಂತಲೂ ಹೇಳಿದೆ.

ಅವರು ಪೂರ್ತಿ ಒಪ್ಪಿದರು ಅಂತ ಹೇಳಲಾರೆ. "ತಂದೆ ತಾಯಿ ಅಲ್ಲೇ ಉಳಿದರಲ್ಲ" ಅಂತ ಎರಡು ಸಲ ಅಂದರು. ಹೋಗುವಾಗ ಹುಡುಗಿಯ ತಲೆ ಮುಟ್ಟಿ, ಭಾಷಣ ಚೆನ್ನಾಗಿತ್ತಮ್ಮ ಅಂದು ಹೋದರು.

ಹಟ್ಟಿ ಚಿನ್ನ
ತಂದೆ ತಾಯಿ ಮಾತು ನಿಜ. ಅದಕ್ಕೆ ನಮ್ಮ ಯಾರ ಹತ್ತಿರವೂ ಉತ್ತರ ಇಲ್ಲ.

ಗರಡಿಮನೆ
ಮೇಷ್ಟ್ರೇ, ನನ್ನ ಕಥೆ ಇಷ್ಟು ವರ್ಷ ಮನೆಯವರಿಗೂ ಹೇಳಿರಲಿಲ್ಲ. ಇಲ್ಲಿ ಯಾಕೆ ಬರೆದೆನೋ. ಆ ಹುಡುಗಿಗೆ ನನ್ನ ಆಶೀರ್ವಾದ ತಿಳಿಸಿ. ನಮ್ಮ ಕುಸ್ತಿಯ ಧೋಬಿ ಪಟ್ಟು ಮತ್ತು ನಿಮ್ಮ ಜೂಡೋದಲ್ಲಿ ಹೆಗಲ ಮೇಲಿಂದ ಎಸೆಯುವ ಪಟ್ಟು ಹೆಚ್ಚು ಕಡಿಮೆ ಒಂದೇ. ನೀವು ಒಪ್ಪಿದರೆ ಬಂದು ತೋರಿಸುತ್ತೇನೆ. ಮಂಡಿ ನೋವು, ಆದರೂ ಒಂದೆರಡು ಸಲ ಆಗುತ್ತದೆ.

ಸಂಡೂರು ಮೇಷ್ಟ್ರು
ಶನಿವಾರ ಸಂಜೆ ನಾಲ್ಕೂವರೆಗೆ ಬನ್ನಿ. ಬಿಸಿಲು ಇಳಿದಿರುತ್ತದೆ. ಬಸ್ ಸ್ಟ್ಯಾಂಡ್‌ಗೆ ಮಕ್ಕಳನ್ನು ಕಳಿಸುತ್ತೇನೆ.